ಶ್ರೀಹರಿಯ ಎಲೆ

"ನಂಗೆ ಬರೀ ಕಾಫಿ," ಎನ್ನುತ್ತಲೇ ಅಭಿರಾಮ ಕಶ್ಯಪನ ತಟ್ಟೆಯಿಂದ ಇಡ್ಲಿಯ ಒಂದು ತುಂಡು ಮುರಿದುಕೊಂಡಿದ್ದ.

ಬಾಯಿಗೆ ಹೋದ ಮೇಲೆ ಅವನಿಗೇ ಗೊತ್ತಾಯಿತು. ಉಗುಳುವುದೇ? ಗಾಂಧಿ ಬಜಾರಿನ ದರ್ಶಿನಿ, ಶನಿವಾರ ಬೆಳಿಗ್ಗೆ ಏಳೂವರೆ, ನಿಂತು ತಿನ್ನುವ ಮೇಜುಗಳ ಸುತ್ತ ಹತ್ತಾರು ಜನ. ನುಂಗಿದ.

"ಹಿಟ್ಟು ಹದವಾಗಿ ಹುಳಿ ಬಂದಿದೆ," ಅಂದ. "ಚಟ್ನಿಗೆ ಹುರಿಗಡಲೆ ಜಾಸ್ತಿ. ಮೋಸ."

"ಮಗಾ, ನೀನು ಇವತ್ತು ಏನೂ ತಿನ್ನೋ ಹಾಗಿಲ್ಲ ಅಲ್ವಾ?" ಕಶ್ಯಪ ಕೇಳಿದ.

"ಹಾಗಿಲ್ಲ."

"ಮತ್ತೆ?"

"ರುಚಿ ನೋಡಿದೆ ಅಷ್ಟೆ. ಅದು ತಿಂದ ಲೆಕ್ಕ ಅಲ್ಲ."

ಕಶ್ಯಪ ನಕ್ಕು ತಟ್ಟೆಯನ್ನು ಅವನ ಕಡೆಗೆ ತಳ್ಳಿದ. "ಮಧ್ಯಾಹ್ನ ಎರಡು ಗಂಟೆ ತನಕ ಹೊಟ್ಟೆ ಕಟ್ಕೊಂಡಿರ್ತೀಯಾ? ಅಲ್ಲಿ ತಲೆ ಸುತ್ತಿ ಬಿದ್ರೆ ಅವರಿಗೇ ಇನ್ನೊಂದು ಫಜೀತಿ. ತಿನ್ನು ಗುರು. ಶ್ರೀಹರಿ ಬೇಜಾರು ಮಾಡ್ಕೊಳಲ್ಲ. ಯಾವತ್ತಾದ್ರೂ ಮಾಡ್ಕೊಂಡಿದಾನಾ?"

ಮಾಡಿಕೊಂಡಿರಲಿಲ್ಲ, ನಿಜ. ಅಭಿರಾಮ ಉಳಿದ ಇಡ್ಲಿ ತಿಂದ, ವಡೆ ತಿಂದ, ಹೇಗೂ ಕೆಟ್ಟಾಯಿತಲ್ಲ ಎಂದು ಒಂದು ಖಾರಾಬಾತ್ ಹೇಳಿ ಅದನ್ನೂ ತಿಂದ. ಆಮೇಲೆ ಕಾಫಿ ಬೈ ಟೂ. ಮೂರು ಜನರಿದ್ದಾಗ ಎರಡು ಕಾಫಿಯನ್ನು ಮೂರು ಮಾಡಿಸುತ್ತಿದ್ದರು. ಈಗ ಲೆಕ್ಕ ಸುಲಭವಾಗಿತ್ತು.

ಅವತ್ತು ಶ್ರೀಹರಿಯ ಮೊದಲ ವರ್ಷದ ತಿಥಿ. ತಿಥಿಯಲ್ಲಿ ಸತ್ತವರ ಜಾಗಕ್ಕೆ ಒಬ್ಬರನ್ನು ಕೂರಿಸಿ, ಸತ್ತವರೇ ಬಂದು ಕೂತಿದ್ದಾರೆ ಎಂದುಕೊಂಡು ಊಟ ಬಡಿಸುತ್ತಾರೆ. ಮೊದಲ ವರ್ಷ ಆ ಜಾಗಕ್ಕೆ ಕೂರುವವರು ಸಿಕ್ಕುವುದು ಕಷ್ಟ, ಹೆದರುತ್ತಾರೆ. ಒಪ್ಪಿದ್ದ ಒಬ್ಬರು ಹಿಂದಿನ ಸಂಜೆ ಬೆನ್ನುನೋವೆಂದು ತಪ್ಪಿಸಿಕೊಂಡಿದ್ದರು. ಶ್ರೀಹರಿಯ ತಮ್ಮ ಆಕರ್ಷ ಫೋನ್ ಮಾಡಿ, ತಡವರಿಸಿ, "ಅಮ್ಮನೇ ನಿಮ್ಮ ಹೆಸರು ಹೇಳಿದ್ರು ಸಾರ್. ವಾರ ವಾರ ಅವನ ಜೊತೆ ಕೂತು ತಿಂದವರು ಅಂತ" ಅಂದಿದ್ದ. ರಾತ್ರಿಯಿಂದ ಏನನ್ನೂ ತಿನ್ನಬಾರದು, ಬೇರೇನೂ ಕಷ್ಟವಿಲ್ಲ ಎಂದೂ ಹೇಳಿದ್ದ.

ಅಭಿರಾಮನಿಗೆ ಇದ್ಯಾವುದರಲ್ಲೂ ನಂಬಿಕೆ ಇರಲಿಲ್ಲ. ಶೇಷಾದ್ರಿಪುರದ ಕಾಲೇಜಿನಲ್ಲಿ ಹದಿನಾರು ವರ್ಷದಿಂದ ರಸಾಯನಶಾಸ್ತ್ರ ಹೇಳುತ್ತಿದ್ದವನು. ಆದರೆ ಸಾಯುತ್ತಿದ್ದ ಗೆಳೆಯನನ್ನು ನೋಡಲು ಆಸ್ಪತ್ರೆಗೆ ಒಂದೇ ಒಂದು ಸಲ ಹೋಗಿದ್ದವನು ಈಗ ಆಗಲ್ಲ ಎನ್ನುವುದು ಹೇಗೆ? ಆಯ್ತು ಬರ್ತೀನಿ ಅಂದಿದ್ದ. ಅಂದ ತಕ್ಷಣ ಏನು ಅಡುಗೆ ಮಾಡಿಸುತ್ತಾರೋ ಎಂದು ಯೋಚಿಸಿದ್ದ. ನಾಚಿಕೆಯಾಗಿತ್ತು, ಆದರೆ ಯೋಚನೆ ನಿಂತಿರಲಿಲ್ಲ.

ಹನ್ನೊಂದು ವರ್ಷ ಮೂವರೂ ಒಂದು ಶನಿವಾರ ಬಿಟ್ಟವರಲ್ಲ. ವಿಮಾ ಕಚೇರಿಯ ಕಶ್ಯಪ ಸ್ಕೂಟರ್ ತರುತ್ತಿದ್ದ, ಅಂಚೆ ಇಲಾಖೆಯ ಶ್ರೀಹರಿ ಬಸ್ಸಿನಲ್ಲಿ ಬರುತ್ತಿದ್ದ, ಎಲ್ಲಿಗೆ ಹೋಗಬೇಕು ಎನ್ನುವುದನ್ನು ಅಭಿರಾಮ ಹೇಳುತ್ತಿದ್ದ. ಅವರಲ್ಲೊಂದು ಪದ್ಧತಿ ಬೆಳೆದಿತ್ತು. ತಟ್ಟೆ ಬಂದ ಮೇಲೆ ಮೊದಲ ತುತ್ತು ಅಭಿರಾಮನದು. ಅವನು ಕಣ್ಣು ಮುಚ್ಚಿ ಅಗಿದು ತೀರ್ಪು ಕೊಡುವ ತನಕ ಉಳಿದಿಬ್ಬರು ಕೈ ಇಡುತ್ತಿರಲಿಲ್ಲ. ತಮಾಷೆಗೆ ಶುರುವಾದದ್ದು. ಎರಡು ವರ್ಷ ಕಳೆಯುವಷ್ಟರಲ್ಲಿ ಯಾರೂ ನಗುತ್ತಿರಲಿಲ್ಲ.

ಶ್ರೀಹರಿ ಹೋದ ಮೇಲೂ ಶನಿವಾರಗಳು ನಿಲ್ಲಲಿಲ್ಲ. ಒಂದು ವಾರ ಬಿಟ್ಟರು, ಅಷ್ಟೆ. ಹೋದ ವಾರ ಮಲ್ಲೇಶ್ವರದಲ್ಲಿ ಬೆಣ್ಣೆ ಮಸಾಲೆ, ಅದರ ಹಿಂದಿನ ವಾರ ಮಾವಳ್ಳಿಯಲ್ಲಿ ರವೆ ಇಡ್ಲಿ, ಅದಕ್ಕೂ ಮುಂಚೆ ಚಾಮರಾಜಪೇಟೆಯಲ್ಲಿ ತುಪ್ಪ ಹೊಯ್ದ ಪೊಂಗಲ್. ಅವರೆಕಾಯಿ ಕಾಲದಲ್ಲಿ ವಿ.ವಿ. ಪುರದ ಬೀದಿಯಲ್ಲಿ ನೂಕಾಡಿಕೊಂಡು ಹಿತಕಿದ ಬೇಳೆಯ ದೋಸೆ. ಪ್ರತಿಯೊಂದರ ಚಟ್ನಿ, ಪ್ರತಿಯೊಂದರ ಹದ ಅಭಿರಾಮನಿಗೆ ನೆನಪಿತ್ತು. ಕೇಳಿದರೆ ಹತ್ತು ವರ್ಷದ ಹಿಂದಿನದನ್ನೂ ಹೇಳಬಲ್ಲ.

ತ್ಯಾಗರಾಜನಗರದಲ್ಲಿ ಶ್ರೀಹರಿಯ ಮನೆ ಹುಡುಕಲು ಮಾತ್ರ ಅವನು ಎರಡು ಸಲ ದಾರಿ ಕೇಳಬೇಕಾಯಿತು. ಹನ್ನೊಂದು ವರ್ಷದಲ್ಲಿ ಆ ಮನೆಗೆ ಅವನು ಬಂದದ್ದು ಎರಡೇ ಸಲ, ಎರಡನೆಯದು ಶವ ಎತ್ತುವಾಗ.

ಆಕರ್ಷ ಒದ್ದೆ ಪಂಚೆಯಲ್ಲಿ ಬಾಗಿಲಿಗೆ ಬಂದು ಕೈಮುಗಿದ. ಮೂವತ್ತಮೂರರ ಗಂಡಸು, ಅಣ್ಣನದೇ ಹುಬ್ಬು. ಒಳಗೆ ಪುರೋಹಿತ ಶೀನಣ್ಣ ದರ್ಭೆ ಕತ್ತರಿಸುತ್ತಾ ಕೂತಿದ್ದರು. ತಿಥಿಯಲ್ಲಿ ದೇವರ ಜಾಗಕ್ಕೆ ಕೂರಲು ಚಾಮರಾಜಪೇಟೆಯಿಂದ ಬಂದಿದ್ದ ಮುದುಕರೊಬ್ಬರು ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ಶೀನಣ್ಣ ಅಭಿರಾಮನನ್ನು ಮೇಲಿಂದ ಕೆಳಗೆ ನೋಡಿದರು.

"ಶಾಸ್ತ್ರದಲ್ಲಿ ಸ್ನೇಹಿತರನ್ನ ಕೂರಿಸಬಾರದು ಅಂತಿದೆ," ಅಂದರು. "ಏನ್ಮಾಡೋದು ಹೇಳಿ? ಜನ ಎಲ್ಲಿದಾರೆ? ಬೆಳಗಿಂದ ಏನೂ ತಗೊಂಡಿಲ್ಲ ತಾನೆ?"

"ಇಲ್ಲ."

"ಕಾಫಿ?"

"ಕಾಫಿನೂ ಇಲ್ಲ."

"ಅಯ್ಯೋ, ಕಾಫಿ ಕುಡೀಬಹುದಿತ್ತು. ಇಷ್ಟೊಂದು ಕಟ್ಟುನಿಟ್ಟು ಬೇಕಿರ್ಲಿಲ್ಲ. ಸಂಸಾರಸ್ಥರು ತಾನೆ?"

"ಹೌದು."

ಹೆಂಡತಿ ಮೈಸೂರಿಗೆ ಹೋಗಿ ಎಂಟು ತಿಂಗಳಾಗಿತ್ತು. ಕೇಳಿದವರಿಗೆಲ್ಲ ತವರಿಗೆ ಎನ್ನುತ್ತಿದ್ದ. ಸುಳ್ಳಲ್ಲ, ತವರು ಮೈಸೂರಿನಲ್ಲೇ ಇತ್ತು.

ಸ್ನಾನ ಮಾಡಿ ಪಂಚೆ ಉಟ್ಟು ಬಂದಾಗ ಶೀನಣ್ಣ ನಿಯಮ ಹೇಳಿದರು. "ನೋಡಿ, ಎಲೆ ಮುಂದೆ ಕೂತ ಮೇಲೆ ಮಾತಿಲ್ಲ. ಬೇಕು ಬೇಡ ಎಲ್ಲ ಕೈಸನ್ನೆ. ಮುಖ್ಯವಾಗಿ, ಚೆನ್ನಾಗಿದೆ, ಉಪ್ಪು ಸಾಲದು, ಹುಳಿ ಮುಂದು, ಇಂಥದ್ದೊಂದೂ ಬಾಯಲ್ಲಿ ಬರಬಾರದು. ನೀವು ಸುಮ್ಮನಿರೋ ತನಕ ಹೋದವರು ಊಟ ಮಾಡ್ತಿರ್ತಾರೆ. ಅಡುಗೆ ಬಗ್ಗೆ ಮಾತಾಡಿದ್ರೋ, ಅವರು ಎದ್ರು ಅಂತ್ಲೇ. ಆಮೇಲೆ ನೀವೊಬ್ರೇ ಕೂತು ತಿನ್ನೋದು."

ಅಭಿರಾಮನಿಗೆ ನಗು ಬಂತು. ಸ್ವಲ್ಪ ಹೊತ್ತಿಗೆ ನಗು ಹೋಗಿ ಸಣ್ಣಗೆ ಭಯವಾಯಿತು. ತಿಂದು ಸುಮ್ಮನಿದ್ದ ಒಂದು ದಿನವೂ ಅವನಿಗೆ ನೆನಪಿರಲಿಲ್ಲ.

ಶ್ರೀಹರಿಯ ತಾಯಿ ಸುಂದರಮ್ಮ ಅಡುಗೆಮನೆಯಿಂದ ಬಂದು ಅವನ ಎದುರು, ಸ್ವಲ್ಪ ದೂರದಲ್ಲಿ, ನೆಲದ ಮೇಲೆ ಕೂತರು. ಮಡಿಯಲ್ಲಿದ್ದರು. ಬೆಳಗಿನ ಜಾವದಿಂದ ಒಲೆ ಮುಂದೆ ನಿಂತು ಮುಖ ಕೆಂಪಾಗಿತ್ತು.

"ನಲವತ್ತು ದಿನ ಮೂಗಲ್ಲಿ ನಳಿಗೆ ಇತ್ತಪ್ಪ," ಅಂದರು. ಪೀಠಿಕೆ ಇಲ್ಲ, ಕಣ್ಣೀರೂ ಇಲ್ಲ. "ಬಾಯಿಗೆ ಒಂದು ಹನಿ ನೀರು ಬಿಡೋ ಹಾಗಿರ್ಲಿಲ್ಲ. ಕೊನೇ ವಾರ ಒಂದು ಚೀಟೀಲಿ ಬರೆದು ತೋರಿಸ್ದ. ಶನಿವಾರದ್ದು ಬೇಕಮ್ಮ, ಅಂತ. ಶನಿವಾರದ್ದು ಅಂದ್ರೆ ಏನು ಅಂತ ನಂಗೇನು ಗೊತ್ತು? ಗೊತ್ತಿದ್ರೂ ಕೊಡೋ ಹಾಗಿರ್ಲಿಲ್ಲ. ಇಲ್ಲ ಕಣೋ ಅಂದೆ. ಹಸ್ಕೊಂಡೇ ಹೋದ."

ಅಭಿರಾಮ ನೆಲ ನೋಡಿದ.

"ಇವತ್ತೊಂದು ದಿನ ಅವನು ಹೊಟ್ಟೆ ತುಂಬ ಉಣ್ಣಬೇಕು. ನಂಗೆ ಬೇರೆ ಏನೂ ಬೇಡ. ನೀನು ನಿಧಾನವಾಗಿ ತಿನ್ನಪ್ಪ. ಯಾರೂ ಅವಸರ ಮಾಡಲ್ಲ. ಅಂದ ಹಾಗೆ, ಅವನು ನಿಮ್ಮ ಜೊತೆ ಬಂದಾಗ ಏನು ತಿಂತಿದ್ದ?"

ಸುಲಭದ ಪ್ರಶ್ನೆ. ಅಭಿರಾಮ ಹೇಳಲು ಬಾಯಿ ತೆರೆದ. ಮಲ್ಲೇಶ್ವರದ ದೋಸೆ ನೆನಪಿಗೆ ಬಂತು, ತನ್ನದು. ಮಾವಳ್ಳಿಯ ಇಡ್ಲಿ ಬಂತು, ಅದೂ ತನ್ನದು. ಐನೂರಕ್ಕೂ ಮಿಕ್ಕಿದ ಶನಿವಾರಗಳಲ್ಲಿ ಎದುರಿಗಿದ್ದ ಶ್ರೀಹರಿಯ ತಟ್ಟೆಯಲ್ಲಿ ಏನಿತ್ತು? ತಟ್ಟೆ ಕಾಣಲಿಲ್ಲ. ಕೈ ಕಂಡಿತು. ದೋಸೆಯನ್ನು ಎರಡು ಮಾಡಿ, ಪಲ್ಯ ಇರುವ ಅರ್ಧವನ್ನು ಈ ಕಡೆಗೆ ತಳ್ಳುವ ಕೈ. ತಾನು ಅದನ್ನು ತಿಂದದ್ದೂ ನೆನಪಾಯಿತು. ಉಳಿದ ಅರ್ಧ ಏನಾಗುತ್ತಿತ್ತು ಎಂದು ನೋಡಿರಲಿಲ್ಲ.

"ಎಲ್ಲಾನೂ ಇಷ್ಟಪಡ್ತಿದ್ದ ಅಮ್ಮ," ಅಂದ.

ಸುಂದರಮ್ಮ ಅವನ ಮುಖವನ್ನೇ ನೋಡಿದರು. "ಎಲ್ಲಾನೂ ಅಂದ್ರೆ ಯಾವುದೂ ಇಷ್ಟ ಇರ್ಲಿಲ್ವೇನೋ," ಅಂದು ಎದ್ದು ಒಳಗೆ ಹೋದರು.

ಛೆ, ಒಂದು ಹೆಸರು ಹೇಳಿಬಿಡಬಹುದಿತ್ತು. ಖಾಲಿ ದೋಸೆ ಅಂದಿದ್ದರೆ ಯಾರು ಕೇಳುತ್ತಿದ್ದರು? ಬೆಳಗಿನಿಂದ ಇಷ್ಟು ಸುಳ್ಳು ಹೇಳಿದವನಿಗೆ, ಬೇಕಾಗಿದ್ದ ಒಂದೇ ಒಂದು ಸುಳ್ಳು ಹೊಳೆಯಲಿಲ್ಲ.

ಆ ನಲವತ್ತು ದಿನ ತಾನೇನು ಮಾಡುತ್ತಿದ್ದೆ ಎನ್ನುವುದು ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಮೂವರ ವಾಟ್ಸಾಪ್ ಗುಂಪಿಗೆ ತಟ್ಟೆಗಳ ಫೋಟೋ ಹಾಕುತ್ತಿದ್ದ. ಶ್ರೀಹರಿಗೆ ಖುಷಿಯಾಗಲಿ ಎಂದೇ ಹಾಕುತ್ತಿದ್ದೇನೆ ಎಂದುಕೊಂಡಿದ್ದ. ಶ್ರೀಹರಿ ಪ್ರತಿ ಸಲವೂ ಹೆಬ್ಬೆರಳು ಕಳಿಸುತ್ತಿದ್ದ. ಒಮ್ಮೆ ಮಾತ್ರ "ಚಟ್ನಿ ಹೇಗಿತ್ತು?" ಎಂದು ಕೇಳಿದ್ದ. ಅಭಿರಾಮ ಉತ್ಸಾಹದಿಂದ ಎಂಟು ಸಾಲು ಬರೆದಿದ್ದ. ಹೇಗಿದ್ದೀಯಾ ಎಂದು ಕೇಳಲು ಆ ಎಂಟು ಸಾಲಿನಲ್ಲಿ ಜಾಗ ಸಿಕ್ಕಿರಲಿಲ್ಲ.

ಒಂದೂವರೆಗೆ ಎಲೆ ಹಾಕಿದರು.

ಆಕರ್ಷ ಅವನ ಕಾಲು ತೊಳೆದ. ತನಗಿಂತ ಏಳೇ ವರ್ಷ ಚಿಕ್ಕವನು ಬಗ್ಗಿ ತನ್ನ ಹಿಮ್ಮಡಿ ಉಜ್ಜುತ್ತಿದ್ದರೆ ಅಭಿರಾಮನಿಗೆ ಕಚಗುಳಿಯಾಗಿ ಕಾಲು ಎಳೆದುಕೊಳ್ಳಬೇಕೆನಿಸಿತು. ಮಂತ್ರದ ನಡುವೆ ಶ್ರೀಹರಿಯ ಹೆಸರು ಬಂದಾಗಲೆಲ್ಲ ಶೀನಣ್ಣ ಅವನ ಕಡೆಗೆ ಕೈ ತೋರಿಸುತ್ತಿದ್ದರು. ಅವನು ತಲೆಯಾಡಿಸಬೇಕೋ ಬೇಡವೋ ತಿಳಿಯದೆ ಅರ್ಧ ಆಡಿಸುತ್ತಿದ್ದ.

ಆಕರ್ಷನ ಹೆಂಡತಿ ಧೃತಿ ಬಡಿಸಿದಳು. ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಮೆಣಸಿನ ಸಾರು, ಉದ್ದಿನ ವಡೆ, ಎಳ್ಳುಂಡೆ, ಹೆಸರುಬೇಳೆ ಪಾಯಸ. ಅನ್ನದಿಂದ ಹಬೆ ಏಳುತ್ತಿತ್ತು. ಚಾಮರಾಜಪೇಟೆಯ ಮುದುಕರು ಆಗಲೇ ಶುರುಮಾಡಿದ್ದರು. ತಲೆ ಎತ್ತದೆ, ಸದ್ದಿಲ್ಲದೆ, ವಾರಕ್ಕೆ ಮೂರು ಮನೆಯಲ್ಲಿ ಉಣ್ಣುವವರ ನಿರಾಳದಲ್ಲಿ ಒಂದೊಂದನ್ನೇ ಮುಗಿಸುತ್ತಾ ಹೋಗುತ್ತಿದ್ದರು.

ಅಭಿರಾಮ ಮೊದಲ ತುತ್ತು ಬಾಯಿಗಿಟ್ಟ. ಅಗಿದ. ಕಾದ.

ಏನೂ ಆಗಲಿಲ್ಲ.

ಪಲ್ಯ ತಿಂದ. ಸಾರು ಕಲೆಸಿ ತಿಂದ. ಬಿಸಿ ಗೊತ್ತಾಯಿತು, ಮೆಣಸು ಗಂಟಲಿಗೆ ಹತ್ತಿದ್ದು ಗೊತ್ತಾಯಿತು, ರುಚಿ ಬರಲಿಲ್ಲ. ಜ್ವರವಿಲ್ಲ, ನೆಗಡಿಯಿಲ್ಲ. ಬೆಳಿಗ್ಗೆ ಹುರಿಗಡಲೆ ಜಾಸ್ತಿ ಎಂದು ಹೇಳಿದ ನಾಲಗೆಯೇ ಇದು. ಹೇಳಿದ್ದ, ಸರಿ. ಹೇಳಿದ ಮೇಲೆ ಗೊತ್ತಾಗುತ್ತಿತ್ತೋ, ಗೊತ್ತಾದ ಮೇಲೆ ಹೇಳುತ್ತಿದ್ದನೋ? ಎದುರಿಗೆ ಇಬ್ಬರು ಕೈ ಕಟ್ಟಿಕೊಂಡು ಕಾಯುತ್ತಿರುವಾಗ ಕಣ್ಣು ಮುಚ್ಚಿ ಏನೋ ಒಂದು ಹೇಳುವುದು, ಅವರು ಹೌದು ಗುರು ಎನ್ನುವುದು, ಇಷ್ಟೇನಾ ಅದು? ಹನ್ನೊಂದು ವರ್ಷ ತಾನು ತಿಂದದ್ದಾದರೂ ಏನು? ಇನ್ನೊಂದು ತುತ್ತು ತಿಂದ. ಬಾಯಲ್ಲಿ ಬರೀ ಮೆತ್ತಗಿನದು ಏನೋ ಹೊರಳಾಡಿತು. ಅವನಿಗೆ ಎದ್ದು ಓಡಬೇಕೆನಿಸಿತು.

ಧೃತಿ ಗೊಜ್ಜಿನ ಪಾತ್ರೆ ಹಿಡಿದು ಬಂದಳು. ಮಾತಾಡುವಂತಿಲ್ಲವಲ್ಲ, ಕಣ್ಣಲ್ಲೇ ಬೇಕಾ ಎಂದು ಕೇಳಿದಳು. ಆ ಮುಖದಲ್ಲಿ ಕಾಯುವಿಕೆ ಇತ್ತು. ಯಾರೋ ಒಬ್ಬರು ತನ್ನನ್ನು ನೋಡುತ್ತಾ ಕಾಯುತ್ತಿದ್ದಾರೆ. ಅಷ್ಟು ಸಾಕಾಯಿತು.

"ಗೊಜ್ಜು ಸೂಪರ್ ಆಗಿದೆ," ಅಂದ ಅಭಿರಾಮ. "ಬೆಲ್ಲ ಒಂಚೂರು ಮುಂದು."

ಧೃತಿಯ ಸೌಟು ಪಾತ್ರೆಯ ಅಂಚಿಗೆ ತಾಗಿ ಸದ್ದಾಯಿತು. ಮುದುಕರು ಮೊದಲ ಬಾರಿಗೆ ತಲೆ ಎತ್ತಿ ನೋಡಿ, ಮತ್ತೆ ಎಲೆಗೆ ಬಗ್ಗಿದರು. ಆಕರ್ಷ ಶೀನಣ್ಣನ ಕಡೆ ನೋಡಿದ. ಶೀನಣ್ಣ ಹಣೆ ಮುಟ್ಟಿಕೊಂಡರು.

ಅಡುಗೆಮನೆಯ ಬಾಗಿಲಿನಿಂದ ಸುಂದರಮ್ಮನ ದನಿ ಬಂತು. "ಶೀನಣ್ಣ, ಎದ್ದುಬಿಟ್ನಾ?"

"ಇಲ್ಲಮ್ಮ," ಅಂದರು ಶೀನಣ್ಣ. "ಇಲ್ಲ ಇಲ್ಲ. ಕೂತಿದಾನೆ. ಇದಕ್ಕೊಂದು ಮಂತ್ರ ಇದೆ, ಹೇಳಿಬಿಡ್ತೀನಿ. ನೀವು ಬಡಿಸಿ." ಕಣ್ಣು ಮುಚ್ಚಿ ಬೇಗ ಬೇಗ ಏನೋ ಗೊಣಗಿದರು. ಆ ಮನೆಯಲ್ಲಿ ಸುಳ್ಳು ಹೇಳುತ್ತಿರುವವನು ತಾನೊಬ್ಬನೇ ಅಲ್ಲ ಎಂದು ಅಭಿರಾಮನಿಗೆ ಅನಿಸಿತು. ಸಮಾಧಾನವೇನೂ ಆಗಲಿಲ್ಲ.

ಸುಂದರಮ್ಮ ತಾವೇ ಬಂದರು. ಅನ್ನ ಹಾಕಿದರು, ತುಪ್ಪ ಹಾಕಿದರು. ಎರಡು ವಡೆ ಇಟ್ಟರು, ನೋಡಿದರು, ಇನ್ನೆರಡು ಇಟ್ಟರು. ಪಾಯಸ ಎರಡು ಸೌಟು. ಅಭಿರಾಮ ಎಲೆಯ ಮೇಲೆ ಕೈ ಅಡ್ಡ ಹಿಡಿದ. ಅವರು ಕೈ ಪಕ್ಕದಲ್ಲೇ ಬಡಿಸಿದರು.

"ತಿನ್ನೋ," ಅಂದರು. ದನಿ ಅವನಿಗೆ ಹೇಳಿದ್ದಾಗಿರಲಿಲ್ಲ. "ನಳಿಗೆ ತೆಗೆಸಿದೀನಿ ಕಣೋ. ಈಗ ಯಾರೂ ಬೇಡ ಅನ್ನಲ್ಲ. ತಿನ್ನು."

ತಿನ್ನಬೇಕು. ಅಭಿರಾಮನಿಗೆ ಅಷ್ಟು ಮಾತ್ರ ಅರ್ಥವಾಯಿತು. ನಂಬಿಕೆ ಗಿಂಬಿಕೆ ಆಚೆಗಿರಲಿ, ಈ ಎಲೆ ಖಾಲಿಯಾದರೆ ಈ ಹೆಂಗಸು ಇವತ್ತು ನಿದ್ದೆ ಮಾಡುತ್ತಾಳೆ. ಜೀವನದಲ್ಲಿ ಒಂದು ಸಲ, ತಿನ್ನುವುದರಿಂದ ಯಾರಿಗಾದರೂ ಉಪಯೋಗವಿದೆ. ಅವನು ದೊಡ್ಡ ತುತ್ತು ಮಾಡಿ ತುರುಕಿಕೊಂಡ. ಒಂದು ವಡೆ ನುಂಗಿದ. ಎರಡನೆಯದರ ಅರ್ಧಕ್ಕೆ ಬರುವಾಗ ಹೊಟ್ಟೆ ತಡೆಯಿತು. ಬೆಳಗಿನ ಖಾರಾಬಾತು ಕದಲದೆ ಕೂತಿತ್ತು. ನೀರು ಕುಡಿದ, ನೀರೂ ಗಂಟಲಲ್ಲೇ ನಿಂತು ಬಲವಂತಕ್ಕೆ ಇಳಿಯಿತು. ಇನ್ನೊಂದು ತುತ್ತು ಎತ್ತಿ ಬಾಯಿಯ ತನಕ ತಂದು, ವಾಂತಿಯಾಗಿಬಿಡಬಹುದೆಂಬ ಹೆದರಿಕೆಯಿಂದ ಹಾಗೇ ಇಳಿಸಿದ. ಸುಂದರಮ್ಮ ಅವನ ಕೈಯನ್ನೇ ನೋಡುತ್ತಿದ್ದರು. ಕೈ ಮೇಲೆ ಹೋದಾಗ ಅವರ ಬಾಯಿಯೂ ಸ್ವಲ್ಪ ತೆರೆದುಕೊಂಡಿತ್ತು, ಮಗುವಿಗೆ ಉಣಿಸುವವರ ಬಾಯಿಯಂತೆ.

ಅರ್ಧ ಗಂಟೆ ಕಾದರು. ಯಾರೂ ಅವಸರ ಮಾಡಲಿಲ್ಲ. ಅವಸರ ಮಾಡಿದ್ದರೆ ಚೆನ್ನಾಗಿತ್ತು.

ಕೊನೆಗೆ ಶೀನಣ್ಣ ಆಕರ್ಷನಿಗೆ ಸನ್ನೆ ಮಾಡಿದರು. ಆಕರ್ಷ ಕೈಮುಗಿದು ನಿಂತು, ಹೇಳಿಕೊಟ್ಟಂತೆ ಕೇಳಿದ. "ತೃಪ್ತಿಯಾಯಿತೇ?"

ಮುದುಕರು ತಡವಿಲ್ಲದೆ ತೃಪ್ತಿಯಾಯಿತು ಅಂದರು. ನಿಜವೇ ಇರಬೇಕು, ಅವರ ಎಲೆ ತೊಳೆದಿಟ್ಟ ಹಾಗಿತ್ತು.

"ನೀವೂ ಹೇಳಬೇಕು," ಶೀನಣ್ಣ ಮೆಲ್ಲಗೆ ಅಂದರು. "ಈಗ ಮಾತಾಡಬಹುದು."

"ತೃಪ್ತಿಯಾಯಿತು," ಅಂದ ಅಭಿರಾಮ.

"ಇನ್ನೆರಡು ಸಲ."

"ತೃಪ್ತಿಯಾಯಿತು. ತೃಪ್ತಿಯಾಯಿತು."

ಹೊರಡುವಾಗ ಹೋಗಿ ಬರ್ತೀನಿ ಎನ್ನುವಂತಿಲ್ಲ, ತಿರುಗಿ ನೋಡುವಂತಿಲ್ಲ. ಶೀನಣ್ಣ ಅದನ್ನೂ ಹೇಳಿದರು. ಧೃತಿ ಗೇಟಿನ ತನಕ ಹಿಂದೆ ಬಂದು, ಬಗ್ಗಿ ನಮಸ್ಕಾರ ಮಾಡಿ ಒಳಗೆ ಹೋದಳು. ಅಭಿರಾಮ ಗೇಟಿನ ಹೊರಗೆ ನಿಂತು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಜೇಬಿನಲ್ಲಿ ಫೋನ್ ಸದ್ದು ಮಾಡಿತು. ಕಶ್ಯಪ. ಮೂವರ ಗುಂಪಿನಲ್ಲೇ ಹಾಕಿದ್ದ: "ಹೇಗಿತ್ತು ಮಗಾ ಊಟ? ಫುಲ್ ಡೀಟೇಲ್ಸ್ ಬೇಕು."

ಬೆರಳು ತಾನಾಗಿಯೇ ಹೊರಟಿತು. ಹಾಗಲಕಾಯಿ ಗೊಜ್ಜು, ಮೆಣಸಿನ ಸಾರು, ವಡೆ ಹೊರಗೆ ಗರಿಗರಿ ಒಳಗೆ ಹೂವು. ಎರಡು ಸಾಲು ಬರೆದಿದ್ದ. ಒಂದರ ರುಚಿಯೂ ಅವನಿಗೆ ಗೊತ್ತಿರಲಿಲ್ಲ.

ಒಳಗಡೆ ಏನೋ ಕೆರೆಯುವ ಸದ್ದು ಕೇಳಿ ತಿರುಗಿ ನೋಡಿಬಿಟ್ಟ.

ಸತ್ತವರು ಉಂಡ ಎಲೆಯನ್ನು ನಾಯಿ, ಹಸು ಮುಟ್ಟದ ಹಾಗೆ ಮಣ್ಣಲ್ಲಿ ಹೂಳಬೇಕು. ಆ ಮನೆಯ ಅಂಗಳದಲ್ಲಿ ಮಣ್ಣಿರಲಿಲ್ಲ, ಗೋಡೆಯಿಂದ ಗೋಡೆಗೆ ಟೈಲ್ಸ್ ಹಾಕಿಸಿದ್ದರು. ಆಕರ್ಷ ದೊಡ್ಡದೊಂದು ಸಿಮೆಂಟ್ ಕುಂಡದಿಂದ ದಾಸವಾಳದ ಗಿಡವನ್ನು ಬೇರು ಸಮೇತ ಕಿತ್ತು ಪಕ್ಕಕ್ಕಿಟ್ಟು, ಮಣ್ಣನ್ನು ಕೈಯಿಂದ ತೋಡುತ್ತಿದ್ದ. ಸುಂದರಮ್ಮ ಮಡಿಸಿದ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಭಾರಕ್ಕೆ ಎಲೆಯ ನಡು ಸ್ವಲ್ಪ ಬಗ್ಗಿತ್ತು.

"ತಾಳು," ಅಂದು ಎಲೆ ಬಿಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು. "ಆಕರ್ಷ, ಇಲ್ಲಿ ನೋಡೋ. ಅವನು ಉಂಡೇ ಇಲ್ವಲ್ಲೋ."

"ಅಮ್ಮ, ಕೊಡು."

"ಒಂದೂವರೆ ವಡೆ ತಿಂದಿದಾನೆ. ಇಷ್ಟೂ ಹಾಗೇ ಇದೆ."

"ಕೊಡಮ್ಮ."

ಆಕರ್ಷ ಎಲೆಯನ್ನು ಕುಂಡದೊಳಗೆ ಇಟ್ಟ. ಹಿಡಿಸಲಿಲ್ಲ. ಮಡಿಸಿದ, ತಿರುವಿದ, ಮೊಣಕಾಲೂರಿ ಎರಡೂ ಅಂಗೈಯಿಂದ ಅದುಮಿದ. ಅನ್ನ ಅಂಚಿನಿಂದ ಉಕ್ಕಿತು. ಸುಂದರಮ್ಮ ಬಗ್ಗಿ ಉಕ್ಕಿದ ಅನ್ನವನ್ನು ಒಂದೊಂದೇ ಅಗುಳಾಗಿ ಆರಿಸಿ ಒಳಗೆ ಹಾಕುತ್ತಿದ್ದರು, ಆಕರ್ಷ ಮತ್ತೆ ಅದುಮುತ್ತಿದ್ದ. ಕುಂಡದ ತಳದಲ್ಲಿ ನೀರು ಬಸಿಯಲು ಬಿಟ್ಟಿದ್ದ ತೂತಿನಿಂದ ಪಾಯಸ ಮಣ್ಣಿನ ಜೊತೆ ಬೆರೆತು ಹೊರಗೆ ಬಂತು. ಬೂದು ಬಣ್ಣದ ಸಣ್ಣ ಧಾರೆ ಟೈಲ್ಸಿನ ಇಳಿಜಾರಿಗೆ ಹರಿದು, ಗೇಟಿನ ಕೆಳಗೆ ನುಸುಳಿ, ಅವನ ಚಪ್ಪಲಿಯ ಮುಂದೆ ಬಂದು ನಿಂತಿತು.